ಬಾಡಿಗೆ ದೆವ್ವ

ಟೋಕಿಯೊದ ನಿಶಿ-ಕಸಾಯ್ ಸುತ್ತಮುತ್ತ ನಮ್ಮ ದೇಶದವರು ಬಹಳ. ಅಲ್ಲಿ ಮನೆ ಹುಡುಕುತ್ತಿದ್ದಾಗ ಏಜೆಂಟ್ ಒಂದು ಫ್ಲ್ಯಾಟು ತೋರಿಸಿದ. ಗಾಳಿ ಬೆಳಕು ಚೆನ್ನಾಗಿತ್ತು, ಸ್ಟೇಷನ್ ಹತ್ತಿರ, ಬಾಡಿಗೆ ಮಾತ್ರ ಅನುಮಾನ ಬರುವಷ್ಟು ಕಡಿಮೆ. ಯಾಕೆಂದು ಕೇಳಿದರೆ ತಲೆ ತಗ್ಗಿಸಿ, ಹಿಂದಿದ್ದವರು ಇಲ್ಲೇ ಜೀವ ಕಳೆದುಕೊಂಡರು ಎಂದ. ಇಂಥ ಮನೆಯನ್ನು ಜಪಾನಿನಲ್ಲಿ ‘ಜಿಕೊ ಬುಕ್ಕೆನ್’ ಅನ್ನುತ್ತಾರೆ. ಕೊಲೆ, ಆತ್ಮಹತ್ಯೆಯಂಥದ್ದು ನಡೆದಿದ್ದರೆ ಸುಮಾರು ಮೂರು ವರ್ಷ ಬಾಡಿಗೆಗೆ ಬರುವವರಿಗೆ ತಿಳಿಸಬೇಕೆಂದು 2021ರ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ಮೂರು ವರ್ಷ ಕಳೆದ ಮೇಲೆ ದೆವ್ವ ಎಲ್ಲಿಗೆ ಹೋಗಬೇಕು ಅನ್ನುವುದು ಅದರಲ್ಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ, ದೆವ್ವ ಒಳಗೆ ಬಾರದಿರಲಿ ಎಂದು, ‘ನಾಳೆ ಬಾ’ ಎಂದು ಬರೆದಿದ್ದದ್ದು ಅವಳಿಗೆ ಇನ್ನೂ ನೆನಪು. “ಇಲ್ಲೂ ಬರೀತೀನಿ ಬಿಡಮ್ಮಾ” ಅಂದೆ. “ಅದಕ್ಕೆ ಕನ್ನಡ ಓದೋಕೆ ಬರಬೇಕಲ್ಲೋ!” ಅಂದಳು. ಎದುರು ಮಾತಾಡದೆ ಹೆಚ್ಚು ಬಾಡಿಗೆಯ, ಯಾರೂ ಸಾಯದ ಮನೆ ಹಿಡಿದೆ.

ಆ ಮನೆಯಲ್ಲಿ ಕುಳಿತೇ ಜಪಾನಿನ ದೆವ್ವದ ಚಿತ್ರಗಳನ್ನೂ ಅವುಗಳ ಅಮೆರಿಕನ್ ರೀಮೇಕುಗಳನ್ನೂ ಜೋಡಿ ಜೋಡಿಯಾಗಿ ನೋಡಿದ್ದು. ಮೊದಲನೆಯದು ‘ರಿಂಗು’. ಕೋಜಿ ಸುಜುಕಿಯ 1991ರ ಕಾದಂಬರಿಯನ್ನು ಹಿದೆಯೊ ನಕಾತಾ 1998ರಲ್ಲಿ ಸಿನಿಮಾ ಮಾಡಿದ. ಒಂದು ವಿಡಿಯೊ ಕ್ಯಾಸೆಟ್ ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಅದನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಬಚಾವು. ನಮ್ಮ ಅಜ್ಜನಿಗೆ ಬರುತ್ತಿದ್ದ ತಿಮ್ಮಪ್ಪನ ಪೋಸ್ಟ್‌ಕಾರ್ಡುಗಳ ನಿಯಮವೂ ಇದೇ: ಇಷ್ಟು ಪ್ರತಿ ಬರೆದು ಹಂಚು, ಇಲ್ಲದಿದ್ದರೆ ಕೇಡು ತಪ್ಪದು. ಅಜ್ಜ ಬೈದುಕೊಂಡೇ ಬರೆಯುತ್ತಿದ್ದರು. 1970ರ ದಶಕದ ಜಪಾನಿನಲ್ಲೂ ಇಂಥ ‘ದುರದೃಷ್ಟದ ಪತ್ರ’ಗಳು ಊರೆಲ್ಲ ಸುತ್ತಿದ್ದವು. ಹಾಗಿರುವಾಗ ಆ ಕ್ಯಾಸೆಟ್ಟಿನ ಬಾವಿಯ ದೆವ್ವ ಸಾದಾಕೊಳ ಮಾತನ್ನು ಹಾಲಿವುಡ್ಡಿನಷ್ಟು ಭಕ್ತಿಯಿಂದ ಪಾಲಿಸಿದವರು ಯಾರಿದ್ದಾರೆ? ನಕಲು ಮಾಡಿತು, ಲೋಕಕ್ಕೆಲ್ಲ ತೋರಿಸಿತು. ಗೋರ್ ವರ್ಬಿನ್ಸ್ಕಿಯ 2002ರ ‘ದಿ ರಿಂಗ್’ ಗಳಿಸಿದ್ದು 24 ಕೋಟಿ ಡಾಲರಿಗೂ ಮೇಲೆ.

ಆ ಚಿತ್ರ ಕೆಟ್ಟದ್ದೇನಲ್ಲ. ಮೋಡ ಕವಿದ ಸಿಯಾಟಲ್ ಸೀಮೆಯನ್ನು ಆರಿಸಿಕೊಂಡದ್ದು ಜಾಣತನ. ಹಡಗಿನಿಂದ ಕುದುರೆ ಸಮುದ್ರಕ್ಕೆ ಹಾರುವ ದೃಶ್ಯವಂತೂ ಮೂಲದಲ್ಲಿಲ್ಲದ ಸೊಗಸು. ಆದರೆ ಸಾದಾಕೊಳ ಹಿಂದೆ ಒಂದು ಊರಿತ್ತು, ಒಂದು ಕಾಲವಿತ್ತು. ಕಳೆದುಹೋದ ಹತ್ತನೆಯ ತಟ್ಟೆಗಾಗಿ ಬಾವಿಯೊಳಗೆ ರಾತ್ರಿಯಿಡೀ ಒಂಬತ್ತರವರೆಗೆ ಎಣಿಸುವ ಕೆಲಸದ ಹುಡುಗಿ ಓಕಿಕು, ಸಾದಾಕೊಗೆ ಅಜ್ಜಿಯ ಸಮಾನ. ಅವಳ ಕಥೆ 1741ರಲ್ಲೇ ಒಸಾಕಾದಲ್ಲಿ ಗೊಂಬೆಯಾಟವಾಯಿತು. ಹಿಮೆಜಿ ಕೋಟೆಯಲ್ಲಿ ಅವಳ ಹೆಸರಿನ ಬಾವಿ ಇಂದಿಗೂ ಇದೆ, ಬಾಯಿಗೆ ಜಾಲರಿ ಹಾಕಿದ್ದಾರೆ. ಪ್ರವಾಸಿಗಳು ಬೀಳದಿರಲಿ ಎಂದೋ, ಒಳಗಿನವಳು ಹತ್ತದಿರಲಿ ಎಂದೋ ನಾನು ಕೇಳಲಿಲ್ಲ. ಸಾದಾಕೊಳ ತಾಯಿಯ ಪಾತ್ರದ ಹಿಂದೆ ಇರುವವಳು ನಿಜವಾಗಿ ಬದುಕಿದ್ದ ಹೆಂಗಸು. 1910ರಲ್ಲಿ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದ ತೊಮೊಕಿಚಿ ಫುಕುರಾಯ್, ಮುಚ್ಚಿದ ಡಬ್ಬಿಯೊಳಗಿನ ಬರಹ ಓದಬಲ್ಲಳೆಂದು ಚಿಜುಕೊ ಮಿಫುನೆಯನ್ನು ವಿದ್ವಾಂಸರ ಮುಂದೆ ಪರೀಕ್ಷೆಗೆ ಕೂರಿಸಿದ. ಮೋಸದ ಆರೋಪ ಬಂತು, ಪತ್ರಿಕೆಗಳು ಮುಗಿಬಿದ್ದವು. ಮರುವರ್ಷ ಅವಳು ವಿಷ ಕುಡಿದು ಸತ್ತಳು. ಆಗಿನ್ನೂ ಇಪ್ಪತ್ತೈದರ ಆಸುಪಾಸು. ಜಪಾನಿನ ಚಿತ್ರದಲ್ಲಿ ಪತ್ರಕರ್ತರು ತಾಯಿಯ ಮೇಲೆ ಕೂಗಾಡುವ ದೃಶ್ಯವಿದೆಯಲ್ಲ, ಅದಕ್ಕೆ ಇಷ್ಟು ಆಳ. ಅಮೆರಿಕಕ್ಕೆ ಆ ನೆನಪಿಲ್ಲ, ಪಾಪ, ಕುದುರೆ ತರಬೇಕಾಯಿತು.

ತಕಾಶಿ ಶಿಮಿಜುವಿನ ‘ಜು-ಆನ್’ ಮೊದಲು 2000ದಲ್ಲಿ ನೇರವಾಗಿ ವಿಡಿಯೊಗೆಂದೇ ತೆಗೆದ ಅಗ್ಗದ ಚಿತ್ರ. ಟೋಕಿಯೊದ ಒಂದು ಸಾಧಾರಣ ಮನೆ, ಅಲ್ಲಿ ಗಂಡನಿಂದ ಕೊಲೆಯಾದ ಕಯಾಕೊ, ಅವಳ ಮಗು. ಮೆಟ್ಟಿಲ ಮೇಲೆ ತೆವಳುತ್ತ ಗಂಟಲಲ್ಲಿ ಗೊರಗೊರ ಸದ್ದು ಮಾಡುತ್ತಾಳೆ, ಅಷ್ಟೇ. ಹಾಲಿವುಡ್ಡಿನ ಸ್ಯಾಮ್ ರೈಮಿ ಇದರ ರೀಮೇಕಿಗೆ ದುಡ್ಡು ಹಾಕಿಸಿದಾಗ, ನಿರ್ದೇಶನವನ್ನು ಶಿಮಿಜುವಿಗೇ ಬಿಟ್ಟ. ಕಯಾಕೊ ಪಾತ್ರಕ್ಕೂ ಅದೇ ನಟಿ ತಕಾಕೊ ಫುಜಿ, ಊರೂ ಅದೇ ಟೋಕಿಯೊ. ದೆವ್ವವನ್ನು ಅಮೆರಿಕಕ್ಕೆ ಸಾಗಿಸುವ ಬದಲು ಅಮೆರಿಕದವರನ್ನೇ ದೆವ್ವದ ಮನೆಗೆ ಬಾಡಿಗೆಗೆ ಇಟ್ಟರು. 2004ರ ‘ದಿ ಗ್ರಡ್ಜ್’ನಲ್ಲಿ ನನಗೆ ಹೆಚ್ಚು ನಾಟಿದ್ದು ದೆವ್ವವಲ್ಲ. ಹೊಸದಾಗಿ ಬಂದ ಹೆಂಗಸೊಬ್ಬಳು ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಅಕ್ಷರ ಓದಲಾರದೆ, ನೂಡಲ್ಸ್ ಡಬ್ಬಿಗೆ ಬೆರಳಿನಿಂದ ತೂತು ಮಾಡಿ ಮೂಸುತ್ತಾಳೆ. ಸೂಪಿನಲ್ಲಿ ಮೀನಿದೆಯೋ ಹಂದಿಯಿದೆಯೋ ತಿಳಿಯದೆ ಕಪಾಟಿನ ಮುಂದೆ ನಿಂತಿರುವ ಸಸ್ಯಾಹಾರಿಗೆ ಆ ಹೆಂಗಸು ನಮ್ಮವಳೇ ಅನ್ನಿಸುತ್ತದೆ. ತೂತು ಮಾಡುವ ಧೈರ್ಯ ನನಗಿರಲಿಲ್ಲ.

ಅದೇ 2004ರಲ್ಲಿ ನಾವೂ ಒಂದು ರೀಮೇಕ್ ಮಾಡಿ ಗೆದ್ದಿದ್ದೆವು. ಮಲಯಾಳಂನ 1993ರ ‘ಮಣಿಚಿತ್ರತ್ತಾಳ್’ ಕನ್ನಡದಲ್ಲಿ ‘ಆಪ್ತಮಿತ್ರ’ವಾಯಿತು. ಮೂಲದ ದೆವ್ವ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡಕ್ಕೆ ಬಂದಾಗ ನಿರ್ದೇಶಕ ಪಿ. ವಾಸು ಅವಳ ಬಾಯಿಗೆ ತೆಲುಗು ಕೊಟ್ಟರು. ಅವಳು ಅಚ್ಚಗನ್ನಡ ಆಡಿದ್ದರೆ ಆ ಪಾತ್ರದಲ್ಲಿ ನಟಿ ಸೌಂದರ್ಯ ಅಷ್ಟು ಹೆದರಿಸುತ್ತಿದ್ದರೆ? ನನಗೆ ಅನುಮಾನ. ಮನೆಯೊಳಗಿನ ಭಯ ಪಕ್ಕದ ಸೀಮೆಯ ಭಾಷೆಯಲ್ಲಿ ಮಾತಾಡಿದಾಗಲೇ ಮೈ ಜುಮ್ಮೆನ್ನುವುದು. ಶಿಮಿಜುವಿಗೂ ಈ ಗುಟ್ಟು ಗೊತ್ತಿತ್ತು.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಕಾತಾನ ‘ಡಾರ್ಕ್ ವಾಟರ್’ನಲ್ಲಿ ಚಾವಣಿಯ ತೇವ ಜೂನ್ ತಿಂಗಳ ಟೋಕಿಯೊದಲ್ಲಿ ಬಟ್ಟೆ ಒಣಗದೆ ಒದ್ದಾಡಿದವರಿಗೆಲ್ಲ ಗೊತ್ತು, 2005ರಲ್ಲಿ ವಾಲ್ಟರ್ ಸಾಲೆಸ್ ಅದನ್ನು ನ್ಯೂಯಾರ್ಕಿಗೆ ಒಯ್ದಾಗ ಅದು ಕೊಳಾಯಿ ರಿಪೇರಿಯ ದೂರಿನಂತಾಯಿತು. ಇನ್ನು ದೆವ್ವಗಳ ಹಂಗಾಮಿನ ಮಾತು. ಜಪಾನಿನಲ್ಲಿ ದೆವ್ವದ ಕಥೆ ಸೆಕೆಗಾಲದ್ದು, ಬೆನ್ನಹುರಿ ತಣ್ಣಗಾಗಲಿ ಎಂದು ಹೇಳುವುದು. ಪಿತೃಗಳು ಮನೆಗೆ ಬರುವ ಓಬೊನ್ ಹಬ್ಬವೂ ಆಗಲೇ. ಟೋಕಿಯೊದ ಯನಾಕಾದಲ್ಲಿರುವ ಜೆನ್‌ಶೋ-ಆನ್ ಗುಡಿಯಲ್ಲಿ ಕಥೆಗಾರ ಎಂಚೊ ಕೂಡಿಸಿದ್ದ ದೆವ್ವದ ಚಿತ್ರಪಟಗಳನ್ನು ಜನರಿಗೆ ತೋರಿಸುವುದು ಆಗಸ್ಟ್‌ನಲ್ಲಿ. ಅಮೆರಿಕದವರು ‘ದಿ ರಿಂಗ್’, ‘ದಿ ಗ್ರಡ್ಜ್’ ಎರಡನ್ನೂ ಬಿಡುಗಡೆ ಮಾಡಿದ್ದು ಹ್ಯಾಲೊವೀನ್ ಇರುವ ಅಕ್ಟೋಬರಿನಲ್ಲಿ.

2005ರಲ್ಲಿ ‘ದಿ ರಿಂಗ್ ಟೂ’ಗೆ ನಕಾತಾನನ್ನೇ ಅಮೆರಿಕಕ್ಕೆ ಕರೆಸಿದರು. ಮೂಲದ ನಿರ್ದೇಶಕ, ಕೈತುಂಬ ದುಡ್ಡು. ಆದರೂ ಅದು ನಕಾತಾನ ಸಪ್ಪೆ ಚಿತ್ರಗಳಲ್ಲೊಂದು. ಶಿಮಿಜು ಊರು ಬಿಡದೆ ಗೆದ್ದ. ನೋಡುವ ಮನಸ್ಸಿದ್ದವರು 1998ರ ‘ರಿಂಗು’ವಿನಿಂದ ಶುರು ಮಾಡಿ, ಆಮೇಲೆ ‘ಜು-ಆನ್’, ಅದರ ಬೆನ್ನಿಗೆ ‘ದಿ ಗ್ರಡ್ಜ್’ ನೋಡಿ. 2008ರ ‘ಒನ್ ಮಿಸ್ಡ್ ಕಾಲ್’ ರೀಮೇಕಿಗೆ ಮಾತ್ರ ನಿಮ್ಮ ರಾತ್ರಿ ಕೊಡಬೇಡಿ.