ಸಸ್ಯಗಳ ದೇಶಕಾಲಜ್ಞಾನ

ಕಾರ್ಯವು ಎಷ್ಟೇ ಉತ್ತಮವಾಗಿದ್ದರೂ ದೇಶಕಾಲಗಳನ್ನರಿತು ಮಾಡದಿದ್ದರೆ ಕೆಡುವುದೆಂದು ಹಿರಿಯರು ಹೇಳುವುದುಂಟು. ಈ ವಿವೇಕವು ಮನುಷ್ಯನಿಗೆ ಮಾತ್ರವೇ ಮೀಸಲಾದುದೆಂದು ಭಾವಿಸಲಾಗದು. ಯೂರೋಪಿನ ಬಯಲುಗಳಲ್ಲಿಯೂ ಗೋಡೆಯ ಸಂದುಗಳಲ್ಲಿಯೂ ತಾನಾಗಿ ಬೆಳೆಯುವ ಅರಬಿಡಾಪ್ಸಿಸ್ ಎಂಬ ಗೇಣುದ್ದದ ಕಳೆಯೊಂದು ಇದಕ್ಕೆ ನಿದರ್ಶನವಾಗಿದೆ. ಇದು ಸಾಸಿವೆಯ ಕುಲಕ್ಕೆ ಸೇರಿದುದು. ಅಡುಗೆಗಾಗಲಿ ಅಲಂಕಾರಕ್ಕಾಗಲಿ ಇದನ್ನು ಯಾರೂ ಬೆಳೆಯುವುದಿಲ್ಲ. ಆದರೂ ಸಸ್ಯಗಳಲ್ಲೆಲ್ಲ ಮೊತ್ತಮೊದಲು, 2000ನೆಯ ಇಸವಿಯಲ್ಲಿ, ಆನುವಂಶಿಕ ಲಿಪಿಯನ್ನು ಓದಿ ಪ್ರಕಟಿಸಿದುದು ಈ ಗಿಡದ್ದೇ. ಅದರಲ್ಲಿ ಸುಮಾರು 25,000 ವಂಶವಾಹಿಗಳಿರುವುವೆಂದು ಆಗ ಎಣಿಸಿದರು.

ಈ ವಂಶವಾಹಿಗಳನ್ನು ಒಂದು ಗ್ರಂಥದ ಅಧ್ಯಾಯಗಳಿಗೆ ಹೋಲಿಸಬಹುದು. ಗ್ರಂಥವು ಮನೆಯಲ್ಲಿದ್ದ ಮಾತ್ರಕ್ಕೆ ಫಲವಿಲ್ಲ. ಯಾವ ಅಧ್ಯಾಯವನ್ನು ಎಂದು, ಎಷ್ಟು ಸಲ ಪಾರಾಯಣಮಾಡಬೇಕೆಂಬುದೂ ತಿಳಿದಿರಬೇಕು. ಜೀವಕೋಶದೊಳಗೆ ನಡೆಯುವ ಇಂತಹ ಪಾರಾಯಣಕ್ಕೆ ಶಾಸ್ತ್ರಜ್ಞರು ಅಭಿವ್ಯಕ್ತಿಯೆಂದು ಹೆಸರಿಟ್ಟಿರುವರು.

ಈ ಗಿಡದ ಬೀಜವು ಹಲವೆಡೆ ಶರತ್ಕಾಲದಲ್ಲಿ ಮೊಳೆಯುವುದು. ಆಗಲೇ ಹೂಬಿಟ್ಟರೆ ಹಿಮದ ಹೊಡೆತಕ್ಕೆ ಸಿಕ್ಕಿ ಕಾಯಿ ಬಲಿಯದೆ ಹೋಗಬಹುದು. ಆದುದರಿಂದ ಎಫ್.ಎಲ್.ಸಿ. ಎಂಬ ವಂಶವಾಹಿಯು ಹೂವನ್ನು ತಡೆದು ನಿಲ್ಲಿಸುವುದು. ಚಳಿಯು ವಾರಗಟ್ಟಲೆ ಮುಂದುವರಿದಂತೆಲ್ಲ ಒಂದೊಂದೇ ಜೀವಕೋಶದಲ್ಲಿ ಅದರ ಪಾರಾಯಣವು ನಿಲ್ಲುತ್ತ ಬರುವುದು. ಬಿಸಿಲು ಮರಳಿದ ಮೇಲೂ ಆ ಮೌನವು ಮುರಿಯುವುದಿಲ್ಲ. ಗಿಡವು ವಸಂತದಲ್ಲಿ ಹೂವಾಗುವುದು. ಹೊಸ ಬೀಜದಲ್ಲಿ ಆ ತಡೆಯು ಮರಳಿ ಮೊದಲಿನಂತೆ ಎಚ್ಚರಗೊಳ್ಳುವುದು.

ಇದಕ್ಕೆ ಎಷ್ಟು ದಿನಗಳ ಚಳಿ ಸಾಕು? ಅದು ಸೀಮೆಯಿಂದ ಸೀಮೆಗೆ ಬೇರೆ. ಸ್ವೀಡನ್ನಿನ ಉತ್ತರಭಾಗದ ಒಂದು ತಳಿಯಲ್ಲಿ ಈ ಮೌನವು ನೆಲೆಗೊಳ್ಳುವುದಕ್ಕೆ ಹೆಚ್ಚು ದೀರ್ಘವಾದ ಚಳಿಯೇ ಬೇಕು. ಇಂಗ್ಲೆಂಡಿನ ನಾರ್ವಿಚ್ ನಗರದ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾರೊಲಿನ್ ಡೀನ್ ಎಂಬ ವಿದುಷಿಯೂ ಅವರ ಸಂಗಡಿಗರೂ 2012ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಭೇದವಿರುವುದು ಪ್ರೋಟೀನನ್ನು ವಿಧಿಸುವ ಅಕ್ಷರಗಳಲ್ಲಲ್ಲ. ಪಾರಾಯಣವನ್ನು ನಿಯಮಿಸುವ ಬೇರೆ ಕೆಲವೇ ಅಕ್ಷರಗಳಲ್ಲಿ. ಪಾಠವು ಒಂದೇ, ನಿಲ್ಲಿಸುವ ಕಾಲ ಮಾತ್ರ ಬೇರೆ. ಇದನ್ನು ಯಾವ ಗಿಡವೂ ತನ್ನ ಆಯುಸ್ಸಿನಲ್ಲಿ ಕಲಿತುಕೊಂಡುದಲ್ಲ. ಅಕಾಲದಲ್ಲಿ ಹೂವಾದವುಗಳ ಸಂತಾನವು ಕ್ಷೀಣಿಸಿ, ಸಕಾಲದಲ್ಲಿ ಹೂವಾದವುಗಳ ಸಂತಾನವು ಉಳಿದು, ಅನೇಕ ತಲೆಮಾರುಗಳಲ್ಲಿ ನೆಲದ ಹವೆಯೇ ಬೀಜದ ಸ್ವಭಾವವಾಯಿತು.

ಆದರೆ ಹವೆಯೇ ಬದಲಾದರೆ ಗತಿಯೇನು? ಸ್ಪೇನ್, ಇಂಗ್ಲೆಂಡ್, ಜರ್ಮನಿ, ಫಿನ್ಲೆಂಡ್ ದೇಶಗಳ ನಾಲ್ಕು ತೋಟಗಳಲ್ಲಿ ನಾನಾ ಸೀಮೆಗಳ ಅರಬಿಡಾಪ್ಸಿಸ್ ಬೀಜಗಳನ್ನು ಬೆಳೆಯಿಸಿ ನೋಡಿದ ಪರೀಕ್ಷೆಯೊಂದರ ಫಲವು 2014ರಲ್ಲಿ ಹೊರಬಂದಿತು. ಆಯಾ ನೆಲದ ತಳಿಯೇ ಅಲ್ಲಿ ಮೇಲಾಗಬೇಕೆಂಬುದು ಸಹಜವಾದ ನಿರೀಕ್ಷೆ. ನಡೆದುದು ಬೇರೆ: ಹಿಂದಿನಿಂದಲೂ ಹೆಚ್ಚು ಬೆಚ್ಚಗಿದ್ದ ಸೀಮೆಗಳಿಂದ ತಂದವು ಸ್ಥಳೀಯವಾದವುಗಳನ್ನು ಮೀರಿಸಿದುವು. ಕಳೆದ ಸಂವತ್ಸರದ ಪಂಚಾಂಗವನ್ನು ಹಿಡಿದು ಈ ವರ್ಷದ ಮುಹೂರ್ತವನ್ನಿಟ್ಟಂತಾಯಿತು. ಪಂಚಾಂಗವು ಸುಳ್ಳಲ್ಲ, ಸಂವತ್ಸರವು ಬದಲಾಯಿತು.

ಹವೆಯು ಬೇಗ ಬದಲಾಗುತ್ತಿರುವಾಗ, ನಡೆಯಲಾರದ ಗಿಡಕ್ಕೆ ಆಸರೆಯೆಂದರೆ ತನ್ನ ಜಾತಿಯಲ್ಲಿಯೇ ಇರುವ ವೈವಿಧ್ಯ. ನೋಡುವುದಕ್ಕೆ ಒಂದೇ ಬಗೆಯ ಕಳೆಯಾದರೂ ಒಂದು ಸೀಮೆಯಿಂದ ಅದು ನಿರ್ಮೂಲವಾದರೆ ಚಳಿಬಿಸಿಲುಗಳನ್ನು ಎಣಿಸುವ ಒಂದು ಕ್ರಮವೇ ಲೋಕದಿಂದ ಲೋಪವಾಗಬಹುದು. ನಾಳೆ ಯಾವ ಕ್ರಮವು ಬೇಕಾಗುವುದೆಂದು ಇಂದು ಬಲ್ಲವರಾರು? ಆದುದರಿಂದ ಕಳೆಯನ್ನು ಕಂಡೊಡನೆ ಕ್ಷುದ್ರವೆಂದು ತಳ್ಳದಿರುವುದೇ ವಿವೇಕ.