ಮುಂಬಾರ, ಹಿಂಬಾರ

ನಮ್ಮ ಕಾರಿನ ಹಿಂದೆ, ಬಂಪರಿನ ಕೆಳಗೆ, ಒಂದು ಟೆನಿಸ್ ಚೆಂಡು ಕೂತಿದೆ. ಮಕ್ಕಳು ಆಡುವಾಗ ಹೋಗಿ ಸಿಕ್ಕಿಕೊಂಡದ್ದಲ್ಲ, ನಾನೇ ಬ್ಲೇಡಿನಲ್ಲಿ ಸೀಳಿ ತೊಡಿಸಿದ್ದು. ಅದರೊಳಗೆ 50 ಮಿಲಿಮೀಟರಿನ ಉಕ್ಕಿನ ಗುಂಡಿದೆ, ಗುಂಡಿನ ಮೇಲೆ ಗ್ರೀಸ್ ಇದೆ. ಚೆಂಡು ತೊಡಿಸದಿದ್ದರೆ ಹಿಂಬಾಗಿಲು ತೆಗೆಯಲು ಹೋದವರ ಪ್ಯಾಂಟಿಗೆ, ಮೊಣಕಾಲಿನ ಕೆಳಗೆ, ದೃಷ್ಟಿಬೊಟ್ಟಿನ ಹಾಗೆ ಒಂದು ಕರಿ ಕಲೆ. ಇಂಗ್ಲೆಂಡಿನಲ್ಲಿ ಯಾರ ಪ್ಯಾಂಟಿನ ಮೇಲಾದರೂ ಆ ಕಲೆ ಕಂಡರೆ, ಇವರ ಮನೆಯಲ್ಲಿ ಟ್ರೇಲರ್ ಇದೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಕಾರು 1971ರ ಎಂಜಿಬಿ ಜಿಟಿ. ಕಡು ಹಸಿರು. ಮೈಸೂರಿನ ಹಾಸ್ಟೆಲಿನ ನನ್ನ ರೂಮಿನಲ್ಲಿ ಹಿಂದೆ ಇದ್ದವರು ಯಾರೋ ಬಿಟ್ಟುಹೋದ ಕ್ಯಾಲೆಂಡರೊಂದಿತ್ತು. ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು: ಈ ಕಾರು, ಅದಕ್ಕೊರಗಿ ನಿಂತ ಕೈಗವಸಿನ ಮನುಷ್ಯ. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಅವನನ್ನು ಆಚೆ ಸರಿಸಿ ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡುತ್ತಿದ್ದೆ. ಮುಂದೆ ಕೆಲಸ ನನ್ನನ್ನು ತಂದು ಹಾಕಿದ್ದು ಆಕ್ಸ್‌ಫರ್ಡಿನ ಪಕ್ಕದ ಆ್ಯಬಿಂಗ್ಡನ್ ಎಂಬ ಊರಿಗೆ. 1980ರ ಅಕ್ಟೋಬರಿನವರೆಗೆ ಈ ಕಾರುಗಳು ಹುಟ್ಟುತ್ತಿದ್ದದ್ದು ಅಲ್ಲೇ. ಇದು ದೈವಸಂಕಲ್ಪವಲ್ಲದೆ ಮತ್ತೇನು ಎಂದು ಹೆಂಡತಿಗೆ ವಾದ ಮಂಡಿಸಿ 1998ರಲ್ಲಿ ಕಾರು ಕೊಂಡೆ. ಕಾರ್ಖಾನೆ ಮುಚ್ಚಿದ್ದರೂ ಎಂಜಿ ಕಾರ್ ಕ್ಲಬ್ಬಿನ ಕಚೇರಿ ಈಗಲೂ ನಮ್ಮೂರಿನಲ್ಲಿದೆ. ಅದಿರುವ ಬೀದಿಯ ಹೆಸರು ಸೆಮೆಟ್ರಿ ರೋಡ್, ಅಂದರೆ ಸ್ಮಶಾನದ ರಸ್ತೆ. ಹಳೆ ಕಾರಿಗೆ ದುಡ್ಡು ಸುರಿಯುವವರ ಹೆಂಡಂದಿರಿಗೆ ಈ ವಿಳಾಸ ಬಹಳ ಇಷ್ಟ.

ಕಾರಿಗೆ ಕೊಕ್ಕೆ ಬಿದ್ದದ್ದು ಹೆಂಡತಿಯ ಹೊಲದ ದೆಸೆಯಿಂದ. ಇಲ್ಲಿನ ಕೌನ್ಸಿಲುಗಳು ತರಕಾರಿ ಬೆಳೆದುಕೊಳ್ಳಿ ಎಂದು ಜನಕ್ಕೆ ತುಂಡು ನೆಲ ಬಾಡಿಗೆಗೆ ಕೊಡುತ್ತವೆ. ಅದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ಪೂರ್ತಿ ತುಂಡೆಂದರೆ 10 ರಾಡ್. ರಾಡ್ ಎಂದರೆ ಎಷ್ಟೆಂದು ಇಂಗ್ಲಿಷರಿಗೇ ಮರೆತುಹೋಗಿದೆ. ಎಕರೆಗೆ 160 ರಾಡ್. ನಮ್ಮಲ್ಲಿ ಎಕರೆಗೆ 40 ಗುಂಟೆ. ಲೆಕ್ಕ ಹಾಕಿದರೆ ಸರಿಯಾಗಿ ಎರಡೂವರೆ ಗುಂಟೆ ಬಂತು. ಸಂಭ್ರಮದಿಂದ ಊರಿಗೆ, ಕೃಷ್ಣರಾಜಪೇಟೆಯ ಹತ್ತಿರದ ನಮ್ಮ ಹಳ್ಳಿಗೆ, ಫೋನು ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂವರೆ ಗುಂಟೆಗೆ ಅಷ್ಟು ದೂರ ಹೋಗ್ಬೇಕಿತ್ತಾ ಮಗ?" ಅಂದರು.

ಎರಡೂವರೆ ಗುಂಟೆಗೂ ಗೊಬ್ಬರ ಬೇಕು. ಮೂರು ಮೈಲಿ ಆಚೆ ಕುದುರೆ ಲಾಯವೊಂದರಲ್ಲಿ ಲದ್ದಿ ಪುಕ್ಕಟೆ ಕೊಡುತ್ತಿದ್ದರು. ತರುವುದು ನಮ್ಮ ಹಣೆಬರಹ. ಮನೆಯ ಇನ್ನೊಂದು ಕಾರು ಆಫೀಸಿನದು, ಅದಕ್ಕೊಂದು ಸ್ಟಿಕರ್ ಅಂಟಿಸುವುದಕ್ಕೂ ಅನುಮತಿ ಬೇಕು. ಹೆಂಡತಿ ಜಿಟಿಯ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಊರಿನಲ್ಲಿ ನಮ್ಮವ್ವ ಬಿಡುವಾಗಿ ಕೂತ ಗಂಡಸನ್ನು ನೋಡುತ್ತಿದ್ದದ್ದೂ ಹಾಗೆಯೇ.

ಇಂಗ್ಲೆಂಡಿನಲ್ಲಿ ಹಳೆ ಕಾರಿನ ಬಿಡಿಭಾಗಗಳ ಸಂತೆ ನಡೆಯುತ್ತದೆ, ಹೆಸರು ಆಟೋಜಂಬಲ್. ನಮ್ಮ ಸಂತೆಯ ಹಾಗೆಯೇ ನೆಲದ ಮೇಲೆ ಟಾರ್ಪಾಲು ಹಾಸಿ ಕಾರ್ಬುರೇಟರ್, ಹಾರ್ನು, ಒಂದೇ ಒಂದು ಬಾಗಿಲ ಹಿಡಿ ಹರಡಿರುತ್ತಾರೆ. ಲದ್ದಿ ತರಲು ಟ್ರೇಲರ್ ಬೇಕು, ಟ್ರೇಲರ್ ಎಳೆಯಲು ಕೊಕ್ಕೆ ಬೇಕು. ಆ ಸಂತೆಯಲ್ಲಿ ಎಂಜಿಬಿಯ ಅಳತೆಗೇ ಮಾಡಿದ ಹಳೆಯ ಟೋಬಾರ್, ಅಂದರೆ ಕೊಕ್ಕೆಯ ಗುಂಡನ್ನು ಹೊರುವ ಉಕ್ಕಿನ ದಂಡ, ಸಿಕ್ಕಿತು. ಮನೆಗೆ ತಂದು ತುಕ್ಕು ಉಜ್ಜಿ ಕಪ್ಪು ಬಣ್ಣ ಬಳಿದೆ. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು. ಎಂಜಿಬಿಗೆ ಚಾಸಿಸ್ ಎಂಬ ಬೇರೆ ಅಸ್ಥಿಪಂಜರವಿಲ್ಲ. ತಗಡನ್ನೇ ಮಡಿಸಿ ಬೆಸೆದು ಪೆಟ್ಟಿಗೆ ಮಾಡಿದ್ದಾರೆ, ಆ ಪೆಟ್ಟಿಗೆಯೇ ಬೆನ್ನೆಲುಬು. ಎಳೆಯುವ ಭಾರವೆಲ್ಲ ಆ ತಗಡಿನ ಮೇಲೆಯೇ ಬೀಳುವುದರಿಂದ ತೂತು ಕೊರೆದ ಕಡೆ ದಪ್ಪ ಪಟ್ಟಿ ಕೊಟ್ಟು ಬೋಲ್ಟು ಬಿಗಿಯಬೇಕು. ನಾನು ಹಿಂಬಾಗಿಲು ಎತ್ತಿ, ಸ್ಟೆಪ್ನಿ ತೆಗೆದು, ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಡ್ರಿಲ್ ಹಿಡಿದೆ.

"ಟ್ಯಾಂಕ್ ಇಳಿಸಿದ್ದೀಯಲ್ಲ?" ಎಂದು ಬೇಲಿಯ ಮೇಲಿಂದ ಒಂದು ದನಿ ಬಂತು.

ಪಕ್ಕದ ಮನೆಯ ಮುದುಕ, ಎಂಜಿ ಕಾರ್ಖಾನೆಯಲ್ಲಿ ಸೀಟು ಜೋಡಿಸುತ್ತಿದ್ದವನು. ನಾನು ಕೊರೆಯಲು ಹೊರಟಿದ್ದ ತಗಡಿನ ಕೆಳಗೇ, 12 ಗ್ಯಾಲನ್ ಅಂದರೆ ಸುಮಾರು 54 ಲೀಟರಿನ ಪೆಟ್ರೋಲ್ ಟ್ಯಾಂಕು ನೇತಾಡುತ್ತಿತ್ತು. ಹಿಂದಿನ ದಿನವಷ್ಟೇ ತುಂಬಿಸಿದ್ದೆ. ಮುದುಕ ಬೇಲಿ ಸುತ್ತಿ ಬಂದು, ಮಾತಾಡದೆ ಡ್ರಿಲ್ಲಿನ ಪ್ಲಗ್ ಕಿತ್ತು, ಚಹಾ ಕೇಳಿದ. ಕಾರಿಗೆ ಅವಮಾನ ಮಾಡುತ್ತಿದ್ದೀನೇನೋ ಎಂದು ನಾನು ಅಳುಕುತ್ತಿದ್ದರೆ ಅವನಿಗೆ ಅದರ ಯೋಚನೆಯೇ ಇಲ್ಲ. ರಜೆ ಬಂದರೆ ಇದಕ್ಕೇ ಕ್ಯಾರವಾನ್ ಕಟ್ಟಿಕೊಂಡು ಡೆವನ್ ಕಡೆ ಹೋಗುತ್ತಿದ್ದವರು ನಮ್ಮ ಶೆಡ್ಡಿನಲ್ಲೇ ಇದ್ದರು ಅಂದ. ಟ್ಯಾಂಕು ಇಳಿಸಿ, ಕೊರೆದು, ಬಿಗಿದು, ಮತ್ತೆ ಏರಿಸುವುದಕ್ಕೆ ಎರಡು ಭಾನುವಾರ ಹಿಡಿಯಿತು.

ವೈರಿಂಗಿಗೆ ಮೂರು. ಟ್ರೇಲರಿನ ದೀಪಗಳಿಗೆ ಏಳು ಕಡ್ಡಿಯ ಒಂದು ಪ್ಲಗ್ ಇರುತ್ತದೆ, ಏಳು ಬಣ್ಣದ ತಂತಿ. ಕಾರಿನಲ್ಲೂ ಬಣ್ಣದ ತಂತಿಗಳಿವೆ. ಕರಿಗೆ ಕರಿ, ಕೆಂಪಿಗೆ ಕೆಂಪು ಸೇರಿಸಿದರಾಯಿತು ಎಂದು ಯಾವ ಇಂಜಿನಿಯರಿಗಾದರೂ ಅನ್ನಿಸಬೇಕು, ನನಗೂ ಅನ್ನಿಸಿತು. ಆದರೆ ಹಳೆಯ ಇಂಗ್ಲಿಷ್ ಕಾರಿನಲ್ಲಿ ಕರಿ ಎಂದರೆ ಅರ್ತ್. ಟ್ರೇಲರಿನಲ್ಲಿ ಅರ್ತ್ ಬಿಳಿ, ಕರಿ ಎಡಗಡೆಯ ಹಿಂದೀಪ. ಕಾರಿನಲ್ಲಿ ಕೆಂಪು ಹಿಂದೀಪ. ಟ್ರೇಲರಿನಲ್ಲಿ ಕೆಂಪು ಬ್ರೇಕು. ಗೋತ್ರ ನೋಡದೆ ಹೆಸರು ನೋಡಿ ಮದುವೆ ಮಾಡಿಸಿದ ಹಾಗಾಯಿತು. ಬಲಕ್ಕೆ ಸಿಗ್ನಲ್ ಕೊಟ್ಟರೆ ಎಡಗಡೆಯ ಕೆಂಪು ದೀಪ ಮಿಟುಕಿತು. ದಾರಿ ಹುಡುಕಲಾರದ ಕರೆಂಟು ಎಡದ ದೀಪದೊಳಗೆ ನುಸುಳಿ ಅರ್ತ್ ಸೇರುತ್ತಿತ್ತು. ಎಲ್ಲ ಬಿಚ್ಚಿ ಸರಿಯಾಗಿ ಕಟ್ಟಿದ ಮೇಲೂ ಇಂಡಿಕೇಟರು ಮಾತ್ರ ಅವಸರದಲ್ಲಿ ಟಕಟಕಟಕ ಎನ್ನುತ್ತಿತ್ತು. ಅದು ಬಿಸಿಯಾದಾಗ ಮಿಟುಕುವ ಹಳೇ ಕಾಲದ ಡಬ್ಬಿ. ಬಲ್ಬು ಹೆಚ್ಚಿದರೆ ಬೇಗ ಬಿಸಿ, ಬೇಗ ಮಿಟುಕು. ಭಾರಿ ಡಬ್ಬಿ ತಂದು ಹಾಕಿದ ಮೇಲೆ ಸಮಾಧಾನಕ್ಕೆ ಬಂತು.

ಹಳೆ ಕಾರಿನವರ ಮೇಳವೊಂದಕ್ಕೆ ಹಾಗೆಯೇ ಹೋದೆ, ಗುಂಡಿನ ಸಮೇತ. ಜನ ಮುಂದಿನಿಂದ ಬಂದು ಕ್ರೋಮಿಯಂ ಬಂಪರು ಹೊಗಳಿ, ಪಕ್ಕಕ್ಕೆ ಬಂದು ತಂತಿಚಕ್ರ ಹೊಗಳಿ, ಹಿಂದಕ್ಕೆ ಬಂದು ಕೆಮ್ಮಿದರು. ರೇಸ್ ಕುದುರೆಗೆ ನೇಗಿಲು ಕಟ್ಟಿದ್ದೀಯ ಎಂದು ಒಬ್ಬಾತ ನೇರವಾಗಿಯೇ ಹೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕೈಗವಸಿನ ಆ ಮನುಷ್ಯ ಲದ್ದಿ ಹೊರುತ್ತಿದ್ದನೇ ಎಂದು ನನಗೇ ಅನುಮಾನವಿತ್ತು.

2006ರ ಬೇಸಿಗೆಯಲ್ಲಿ ಅಪ್ಪ ಅವ್ವ ಬಂದರು. ಅವ್ವ ಕಾರನ್ನು ಒಂದು ಸುತ್ತು ಹಾಕಿ, ಹಿಂದೆ ನಿಂತು, ಗ್ರೀಸಿನಲ್ಲಿ ಮಿರುಗುತ್ತಿದ್ದ ಗುಂಡನ್ನು ನೋಡಿ, "ಇದೇನ್ಲಾ, ಹಿಂದ್ಗಡೆ ಲಿಂಗ ಕೂರ್ಸಿದ್ದೀಯ?" ಎಂದು ಕೈ ಮುಗಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಅದಕ್ಕೆ ಕುಂಕುಮ. ಗ್ರೀಸಿನ ಮೇಲಿಟ್ಟ ಕುಂಕುಮ ತಿಂಗಳುಗಟ್ಟಲೆ ಹೋಗುವುದಿಲ್ಲ ಎಂಬುದು ಆಗ ತಿಳಿಯಿತು.

ಅಪ್ಪ ಕಾರಿನ ಅಂದ ನೋಡಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ಬಾನೆಟ್ ಎತ್ತಿಸಿ, ಕಿವಿ ಕೊಟ್ಟು ನಿಂತರು. "ಅಂಬಾಸಿಡರ್ ಇದ್ದಂಗದೆ" ಅಂದರು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅವರು ಹೇಳಿದ್ದು ನಿಜ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್‌ನ ಗ್ಯಾರೇಜು. 1920ರ ದಶಕದಲ್ಲಿ ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ ಸಾದಾ ಮಾರಿಸ್ ಕಾರುಗಳಿಗೆ ಚೆಂದದ ಮೈ ತೊಡಿಸಿ ಮಾರಲು ಶುರುಮಾಡಿದ, ಅದೇ ಎಂಜಿಯ ಮೂಲ. ನಮ್ಮ ಅಂಬಾಸಿಡರ್ ಕೂಡ ಅದೇ ಮನೆತನದ ಮಾರಿಸ್ ಆಕ್ಸ್‌ಫರ್ಡ್. ಅದರ ಹೊಟ್ಟೆಯಲ್ಲಿ ಎಷ್ಟೋ ವರ್ಷ ಓಡಿದ್ದು 1489 ಸಿಸಿಯ ಬಿ-ಸೀರೀಸ್ ಇಂಜಿನ್. ನನ್ನ ಜಿಟಿಯಲ್ಲಿರುವುದು ಅದೇ ಬಿ-ಸೀರೀಸಿನ 1798 ಸಿಸಿ. ಎಂಎಲ್ಎಯನ್ನೂ ದಿಬ್ಬಣವನ್ನೂ ಶವವನ್ನೂ ಒಂದೇ ದನಿಯಲ್ಲಿ ಹೊತ್ತ ಗಾಡಿಯ ದಾಯಾದಿ ಇದು. ಕ್ಯಾಲೆಂಡರಿನಲ್ಲಿ ಈ ವಿಷಯ ಬರೆದಿರಲಿಲ್ಲ.

ಕುದುರೆ, ನೇಗಿಲಿನ ಮಾತನ್ನು ಅಪ್ಪನಿಗೆ ಹೇಳಿದೆ. "ಕುದ್ರೆ ಯಾಕೆ? ಹಳ್ಳಿಕಾರ್ ಎತ್ತು ಅನ್ನು. ಜಾತ್ರೇಲಿ ಓಟಕ್ಕೂ ಬಿಡ್ತೀವಿ, ಮನೆಗೆ ಬಂದು ಗೊಬ್ರನೂ ಹೊಡೀತೀವಿ" ಅಂದರು. ಮೇಳದಲ್ಲಿ ನನಗೆ ಹೊಳೆಯದ ಉತ್ತರ ಇದು. ಇಂಗ್ಲಿಷಿಗೆ ತಿರುಗಿಸಲು ಇವತ್ತಿನವರೆಗೆ ಆಗಿಲ್ಲ.

ಆ ಶನಿವಾರ ಅಪ್ಪನನ್ನು ಕೂರಿಸಿಕೊಂಡು ಲಾಯಕ್ಕೆ ಹೋದೆ. ಎಂಟು ಚೀಲ. ಹಿಂದಿನಿಂದ ತುಂಬುವುದು ಸಲೀಸೆಂದು ಕೊನೆಯ ನಾಲ್ಕನ್ನು ಟ್ರೇಲರಿನ ಬಾಲದಲ್ಲೇ ಒತ್ತಿದೆ. ಟ್ರೇಲರ್ ಕಟ್ಟಿದರೆ ಇಲ್ಲಿನ ಸಾಮಾನ್ಯ ರಸ್ತೆಯಲ್ಲಿ 50 ಮೈಲಿಯೇ ಮಿತಿ, ಮೋಟರ್‌ವೇಯಲ್ಲಿ 60. 45ಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಕಾರಿನ ಸೊಂಟ ಹಿಡಿದು ಅಲ್ಲಾಡಿಸಿದ ಹಾಗೆ ಆಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಸ್ಟೀರಿಂಗು ಕೈಯಲ್ಲಿ ಹಗುರಾಯಿತು. ಕಾಲು ತೆಗೆದೆ, ನಿಧಾನಕ್ಕೆ ನಿಂತಿತು.

ಅಪ್ಪ ಇಳಿದರು. ಕೊಕ್ಕೆ ಬಿಚ್ಚು ಅಂದರು. ಬಿಚ್ಚಿದ ಕ್ಷಣವೇ ಟ್ರೇಲರಿನ ಮೂತಿ ತಾನಾಗಿ ಆಕಾಶಕ್ಕೆ ಎದ್ದಿತು. "ಹಿಂಬಾರ ಆಗದೆ. ನೊಗ ಎತ್ತಿನ ಕುತ್ತಿಗೆ ಬಿಟ್ಟು ಮೇಲೆ ಹೋದ್ರೆ ಗಾಡಿ ಯಾರ ಮಾತು ಕೇಳ್ತದೆ?" ಎರಡು ಚೀಲ ಎಳೆಸಿ ಅಚ್ಚಿನ ಮುಂದಕ್ಕೆ ಹಾಕಿಸಿದರು. ಮೂತಿಯನ್ನು ಬಲಗೈ ಅಂಗೈ ಮೇಲಿಟ್ಟುಕೊಂಡು, ಕಣ್ಣು ಎಲ್ಲೋ ದೂರದ ಗೋಧಿ ಹೊಲದ ಮೇಲೆ ನೆಟ್ಟು, ಎರಡು ಸಲ ಮೆಲ್ಲಗೆ ಎತ್ತಿ ಇಳಿಸಿದರು. ಚೀಲವೊಂದನ್ನು ಒಂದು ಗೇಣು ಹಿಂದಕ್ಕೆ ತಳ್ಳಿಸಿದರು. ಮತ್ತೆ ಎತ್ತಿ ನೋಡಿದರು. "ಮುಂಬಾರ ಜಾಸ್ತಿಯಾದ್ರೆ ಎತ್ತಿಗೆ ಕುತ್ತಿಗೆ ಹುಣ್ಣು. ಈಗ ಸರಿ."

ಮನೆಗೆ ಬಂದವನು ಹೊಲಕ್ಕೆ ಹೋಗುವ ಮುಂಚೆ ಬಚ್ಚಲಿನ ತೂಕದ ಯಂತ್ರ ತಂದು, ಮರದ ತುಂಡೊಂದನ್ನು ಆನಿಸಿ, ಮೂತಿಯ ಭಾರ ನೋಡಿದೆ. 16 ಕಿಲೋ. ಟ್ರೇಲರ್, ಲದ್ದಿ ಸೇರಿ ಸುಮಾರು 250. ಒಟ್ಟು ಭಾರದಲ್ಲಿ ನೂರಕ್ಕೆ 5ರಿಂದ 7ರಷ್ಟು ಮೂತಿಯ ಮೇಲಿರಬೇಕು ಎಂದು ಇಲ್ಲಿನವರ ಕೈಪಿಡಿಗಳು ಹೇಳುತ್ತವೆ. ಭಾಗಿಸಿ ನೋಡಿ ಯಂತ್ರವನ್ನು ಸುಮ್ಮನೆ ಬಚ್ಚಲಿನಲ್ಲಿಟ್ಟು ಬಂದೆ. ಅಪ್ಪ ಅಷ್ಟರಲ್ಲಿ ಇನ್ನೊಂದು ಸಮಸ್ಯೆ ಬಿಡಿಸಿದ್ದರು. ಟ್ರೇಲರನ್ನು ಹಿಂದಕ್ಕೆ ಓಡಿಸಿ ಗೇಟಿನೊಳಗೆ ತೂರಿಸುವುದು ನನಗೆ ಒಂದು ಸಲವೂ ಆಗಿರಲಿಲ್ಲ. ಸ್ಟೀರಿಂಗು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ, ಗಿಡ್ಡ ಟ್ರೇಲರಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ. ಅಪ್ಪ ಕೊಕ್ಕೆ ಬಿಚ್ಚಿ, ಮೂತಿ ಹಿಡಿದು, ಕೈಯಲ್ಲೇ ತಳ್ಳಿ ಒಳಗೆ ನಿಲ್ಲಿಸಿದ್ದರು.

ಆಮೇಲೆ ಟ್ರೇಲರಿಗೆ ಬಿಡುವಿರಲಿಲ್ಲ. ಕನ್ನಡ ಕೂಟದವರಿಗೆ ಸುದ್ದಿ ಹೋಗಿ, ಯುಗಾದಿ, ರಾಜ್ಯೋತ್ಸವ ಬಂದರೆ ಬಿಸಿಬೇಳೆಬಾತಿನ ಕೊಳದಪ್ಪಲೆಗಳು ಜಿಟಿಯ ಬೆನ್ನು ಹತ್ತಿದವು. ಒಮ್ಮೆ ರೌಂಡಬೌಟಿನಲ್ಲಿ ತಟ್ಟೆಮುಚ್ಚಳವೊಂದು ಹಾರಿಹೋಗಿ, ಹಿಂದಿದ್ದ ಪೊಲೀಸ್ ಕಾರಿನವನೇ ಅದನ್ನು ತಂದುಕೊಟ್ಟು, ಒಳಗೆ ಏನಿದೆ ಎಂದು ಕೇಳಿದ. ತೋರಿಸಿದೆವು. ಅವನೂ ಒಂದು ಡಬ್ಬಿ ತೆಗೆದುಕೊಂಡ.

2014ರಲ್ಲಿ ಮಗ ಯೂನಿವರ್ಸಿಟಿಗೆಂದು ಶೆಫೀಲ್ಡಿಗೆ ಹೊರಟ. ಸಾಮಾನೆಲ್ಲ ಟ್ರೇಲರಿಗೆ: ಹಾಸಿಗೆ, ಕಂಪ್ಯೂಟರ್, ಸೈಕಲ್, ಕುಕ್ಕರ್, ಅವನು ತಿನ್ನುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದ ಎರಡು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ. ಜಿಟಿಗೆ ಹಿಂದಿನ ಸೀಟು ಇದೆ ಅನ್ನುವುದು ಕಾಗದದ ಮೇಲಿನ ಮಾತು. ಎರಡು ಕೊಡಪಾನ ಕೂರಬಹುದು. ಆರಡಿ ಮಗ ಮುಂದೆ ಕೂತ, ಅವನ ತಾಯಿ ಹಿಂದೆ ಮಡಚಿಕೊಂಡು ಕೂತಳು. ಹೊರಡುವ ಮುಂಚೆ ನಾನು ಮೂತಿಯನ್ನು ಅಂಗೈ ಮೇಲೆ ಎತ್ತಿ ನೋಡುತ್ತಿದ್ದರೆ ಮಗ, "ಅಪ್ಪ, ಸ್ಕೇಲ್ ತರ್ಲಾ?" ಅಂದ. ಬೇಡ ಅಂದೆ. ಆದರೂ ತಂದ. ನನ್ನ ಕೈ ಏಳು ಕಿಲೋ ತಪ್ಪಿತ್ತು.

ದಾರಿಯುದ್ದಕ್ಕೂ ಲಾರಿಗಳ ಜೊತೆ ಎಡ ಲೇನಿನಲ್ಲಿ, 55ರಲ್ಲಿ. ಒಂದು ಕಾಲಕ್ಕೆ ನೂರು ಮೈಲಿ ಮುಟ್ಟುತ್ತದೆ ಎಂದು ಮಾರಿದ ಕಾರು. ದಾಟಿ ಹೋಗುವ ಕಾರುಗಳ ಹಿಂದಿನ ಸೀಟಿನಿಂದ ಮಕ್ಕಳು ಕೈ ಬೀಸುತ್ತಿದ್ದರು, ನಮ್ಮ ಮಗ ಸೀಟಿನಲ್ಲಿ ತಗ್ಗಿ ತಗ್ಗಿ ಕೂರುತ್ತಿದ್ದ. ಹಾಸ್ಟೆಲಿಗೆ ಒಂದು ಬೀದಿ ಇರುವಾಗಲೇ, ಇಲ್ಲೇ ನಿಲ್ಲಿಸಿ, ಸಾಮಾನು ಹೊತ್ತುಕೊಂಡು ಹೋಗೋಣ ಅಂದ. ಹೊತ್ತುಕೊಂಡು ಹೋದೆವು.

ವಾಪಸು ಬರುವಾಗ ಹೆಂಡತಿ ಮುಂದೆ ಕೂತಿದ್ದಳು. ಖಾಲಿ ಟ್ರೇಲರಿಗೆ ರಸ್ತೆಯ ಪ್ರತಿಯೊಂದು ಬೆಸುಗೆಯೂ ಗೊತ್ತಾಗುತ್ತದೆ. ಪುಟ್ಟ ಚಕ್ರಗಳು ಪುಟಿಯುತ್ತವೆ, ತಗಡು ಝಣಝಣ ಎನ್ನುತ್ತದೆ, ಸರಪಳಿ ಅದಕ್ಕೆ ತಾಳ ಹಾಕುತ್ತದೆ. ಊರಿನಲ್ಲಿ ಸಂತೆ ಮುಗಿಸಿ ರಾತ್ರಿ ಬರುವ ಖಾಲಿ ಗಾಡಿಗಳನ್ನು ಅವ್ವ ಒಳಗೆ ಮಲಗಿದ್ದುಕೊಂಡೇ ಗುರುತು ಹಿಡಿಯುತ್ತಿದ್ದರು. ಲೆಸ್ಟರ್ ದಾಟುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

"ಎಷ್ಟು ಸದ್ದು ಮಾಡ್ತದೆ ರೀ ಇದು" ಅಂದಳು.

"ಖಾಲಿಯಲ್ವಾ."

ಇನ್ನೊಂದು ಹತ್ತು ಮೈಲಿಯ ಮೇಲೆ ತೋಟದ ಸಾಮಾನಿನ ಅಂಗಡಿಯ ಬೋರ್ಡು ಕಂಡಿತು. "ಏನಾದ್ರೂ ತುಂಬ್ಕೊಂಡು ಹೋಗೋಣ" ಅಂದಳು. ಮೋಟರ್‌ವೇ ಇಳಿದು ಎರಡು ಚೀಲ ಗೊಬ್ಬರ ಕೊಂಡೆವು, ಮನೆಯ ಹತ್ತಿರ ಸಿಗುವುದಕ್ಕಿಂತ ಎರಡು ಪೌಂಡು ಹೆಚ್ಚು ಕೊಟ್ಟು. ನಾನು ದುಡ್ಡು ಕೊಟ್ಟು ಬರುವಷ್ಟರಲ್ಲಿ ಅವಳು ಒಂದು ಚೀಲವನ್ನು ಟ್ರೇಲರಿನ ಬಾಲಕ್ಕೆ ಎಳೆದು ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಇಲ್ಲೇ ಇರಲಾ, ಮುಂದಕ್ಕಾ?"

"ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ" ಅಂದೆ.