ನೆರಳು ನುಂಗಿದ ಒತ್ತು

ಕಳೆದ ಅಕ್ಟೋಬರಿನ ಮಾತು. ನಮ್ಮ ಸಂಘದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನು ಈ ಸಲ ನನ್ನ ಮೊಮ್ಮಗಳೇ ಮಾಡಿಕೊಡುತ್ತಾಳೆಂದು ಸಮಿತಿಯ ಸಭೆಯಲ್ಲಿ ಬೀಗುತ್ತ ಹೇಳಿಬಂದಿದ್ದೆ. ಅವಳು ಗ್ರಾಫಿಕ್ ಡಿಸೈನ್ ಕಲಿಯುತ್ತಿರುವ ಹುಡುಗಿ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಬಾರದು.

ಅವಳೊಡನೆ ಮಾಟುಂಗಾದ ಪೇಟೆಗೆ ಹೊರಟರೆ ತರಕಾರಿ ಕೊಳ್ಳುವುದಕ್ಕಿಂತ ಬೋರ್ಡು ನೋಡುವುದೇ ಹೆಚ್ಚು. ನಾನು ಬರೆದದ್ದನ್ನು ಓದುತ್ತೇನೆ, ಅವಳು ಬರೆದ ಬಗೆಯನ್ನು ಓದುತ್ತಾಳೆ. “ಅಜ್ಜ, ಆ ಅಕ್ಷರಗಳ ನೆರಳು ನೋಡಿ. ಎಲ್ಲ ಬಲಕ್ಕೆ, ಕೆಳಕ್ಕೆ ಬಿದ್ದಿದೆ. ಬೆಳಕು ಎಡಗಡೆ ಮೇಲಿನಿಂದ ಬರುತ್ತಿದೆಯೆಂದು ಪೇಂಟರ್ ಅಂದುಕೊಂಡಿದ್ದಾನೆ” ಎನ್ನುತ್ತಾಳೆ. ಅಕ್ಷರದ ಸುತ್ತಲಿನ ಗೆರೆ ಔಟ್‌ಲೈನ್; ಮೇಲೆ ಹಳದಿಯಿದ್ದು ಕೆಳಗಿಳಿಯುತ್ತ ಕೆಂಪಾಗುವ ಬಣ್ಣ ಗ್ರೇಡಿಯಂಟ್; ರೈಲ್ವೆ ಸ್ಟೇಷನ್ನಿನ ಹಳದಿ ಫಲಕದ ಮೇಲಿನ ಕಪ್ಪು ಅಕ್ಷರ ದೂರಕ್ಕೂ ಎದ್ದು ಕಾಣುವುದು ಕಾಂಟ್ರಾಸ್ಟಿನಿಂದ. ಇವನ್ನೆಲ್ಲ ನಾನು 1974ರಲ್ಲಿ ಈ ಊರಿಗೆ ಬಂದಂದಿನಿಂದ ನೋಡುತ್ತಲೇ ಇದ್ದೆ, ಗುರುತಿಸಿರಲಿಲ್ಲ, ಅಷ್ಟೆ.

ಆಮಂತ್ರಣ ಸಿದ್ಧವಾಯಿತು. ಹಳದಿಯ ಮೇಲೆ ಕೆಂಪು ಅಕ್ಷರ, ದಪ್ಪ ಔಟ್‌ಲೈನ್, ಅದರಡಿ ಕಪ್ಪು ನೆರಳು. ನನ್ನಾಕೆ ಕನ್ನಡಕ ಏರಿಸಿಕೊಂಡು ನೋಡಿದವಳೇ, “ಇದೇನ್ರೀ, ‘ಕನಡ’ ಅಂತಿದೆ?” ಎಂದಳು. ನಿಜ. ‘ನ್ನ’ದ ಕೆಳಗಿನ ಒತ್ತನ್ನು ನೆರಳು ನುಂಗಿಬಿಟ್ಟಿತ್ತು!

“ಅದೂ ಅಕ್ಷರವಾ ಅಜ್ಜ? ನಾನು ಅಲಂಕಾರ ಅಂದುಕೊಂಡಿದ್ದೆ.”

ಆ ಮಾತು ನನಗೆ ನಾಟಿತು. ಅವಳಿಗೆ ಇಂಗ್ಲಿಷ್, ಹಿಂದಿ, ಮರಾಠಿ ಶಾಲೆಯಲ್ಲಿ ಕಲಿಸಿದರು. ಕನ್ನಡ ಕಲಿಸಬೇಕಾದವರು ನಾವು. ‘ರಜೆಯಲ್ಲಿ ನೋಡೋಣ’ ಎನ್ನುತ್ತ ಇಪ್ಪತ್ತು ವರ್ಷ ಕಳೆದೆವು.

ಕಾಗದ ತೆಗೆದು ‘ಅಮ್ಮ’, ‘ಅಕ್ಕ’, ‘ಅಜ್ಜ’ ಬರೆದು ತೋರಿಸಿದೆ. ಹಿಂದಿಯಲ್ಲಿ ಅರ್ಧಾಕ್ಷರ ಸಾಮಾನ್ಯವಾಗಿ ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ನೆರಳು ಬೀಳುವ ಜಾಗವೂ ಅದೇ ಎಂದೆ. ಅವಳು ನೆರಳನ್ನು ತೆಗೆದೇ ಹಾಕಿದಳು. ಸಾಲುಗಳ ನಡುವೆ ಒತ್ತಿಗೆ ಉಸಿರಾಡಲು ಜಾಗ ಬಿಟ್ಟಳು. ಆಮಂತ್ರಣ ಚೆನ್ನಾಗಿಯೇ ಬಂತು.

ಅಂದಿನಿಂದ ಭಾನುವಾರಗಳಲ್ಲಿ ನಮ್ಮದು ಕೊಡುಕೊಳ್ಳುವ ಪಾಠ. ಮೊನ್ನೆ ಸಂಘದ ಹಳೆಯ ಬೋರ್ಡಿನ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಹೇಳಿದಳು: “ಅಜ್ಜ, ಇಲ್ಲಿ ಒತ್ತಿನ ಹತ್ತಿರ ಬಂದಾಗ ಪೇಂಟರ್ ನೆರಳನ್ನು ಸಣ್ಣದು ಮಾಡಿದ್ದಾನೆ. ಅವನಿಗೆ ಕನ್ನಡ ಬರುತ್ತಿತ್ತು.”